ಫೈಲಿನ ಗುರುತು ಬರೆದಿಡುವವರು

ಕೊಡೈಕೆನಾಲ್‌ಗೆ ಹೋದ ಕನ್ನಡಿಗರು ಕೆರೆಯ ಸುತ್ತ ಸೈಕಲ್ ತುಳಿಯುತ್ತಾರೆ, ಕೋಕರ್ಸ್ ವಾಕ್‌ನಲ್ಲಿ ಮಂಜು ಸರಿಯಲಿ ಎಂದು ಕಾದು ಫೋಟೊ ತೆಗೆಸಿಕೊಳ್ಳುತ್ತಾರೆ, ಚಾಕೊಲೇಟು ಕಟ್ಟಿಸಿಕೊಂಡು ಘಾಟಿ ಇಳಿಯುತ್ತಾರೆ. ಅದೇ ಊರಿನ ಗುಡ್ಡದ ನೆತ್ತಿಯಲ್ಲಿ, ಸಮುದ್ರಮಟ್ಟದಿಂದ 2,343 ಮೀಟರ್ ಎತ್ತರದಲ್ಲಿ ಒಂದು ಸೌರ ವೀಕ್ಷಣಾಲಯವಿದೆ. ಜಿಲ್ಲೆ ದಿಂಡಿಗಲ್, ರಾಜ್ಯ ತಮಿಳುನಾಡು. ಆದರೆ ಅದರ ಮುಖ್ಯ ಕಚೇರಿ ಇರುವುದು ನಮ್ಮ ಬೆಂಗಳೂರಿನ ಕೋರಮಂಗಲದಲ್ಲಿ, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೊಫಿಸಿಕ್ಸ್‌ನ ಆವರಣದಲ್ಲಿ. 1899ರಲ್ಲಿ ಶುರುವಾದ ಈ ವೀಕ್ಷಣಾಲಯದಲ್ಲಿ 1904ರಿಂದ ಮೋಡವಿಲ್ಲದ ದಿನವೆಲ್ಲ ಸೂರ್ಯನ ಫೋಟೊ ತೆಗೆಯುತ್ತ ಬಂದಿದ್ದಾರೆ. ಅದಕ್ಕೆ ಬಳಸಿದ್ದು 1850ರಷ್ಟು ಹಳೆಯ, ಆರಿಂಚಿನ ದೂರದರ್ಶಕ. ಕ್ಯಾಲ್ಸಿಯಂ ಬೆಳಕಿನಲ್ಲಿ ತೆಗೆದ ಚಿತ್ರಗಳು 1907ರಿಂದ ಇವೆ, ಹೈಡ್ರೋಜನ್ ಬೆಳಕಿನವು 1912ರಿಂದ. ಸೂರ್ಯಕಲೆಯೊಳಗಿನ ಅನಿಲ ಹೊರಮುಖವಾಗಿ ಹರಿಯುತ್ತದೆ ಎಂಬುದನ್ನು ಜಾನ್ ಎವರ್ಶೆಡ್ ಕಂಡದ್ದು ಇಲ್ಲೇ, 1909ರ ಜನವರಿಯಲ್ಲಿ.

ಹೀಗೆ ಕೂಡಿದ ಗಾಜಿನ ಫಲಕ, ಫಿಲ್ಮುಗಳ ಸಂಖ್ಯೆ ಲಕ್ಷ ಮೀರುತ್ತದೆ. ಅವನ್ನು ಒಂದೊಂದಾಗಿ ದೀಪದ ಮುಂದಿಟ್ಟು, 4,096 ಅಡ್ಡ 4,096 ಚುಕ್ಕೆಗಳ ಕ್ಯಾಮೆರಾದಿಂದ ಕಂಪ್ಯೂಟರಿಗೆ ಇಳಿಸಿದ್ದಾರೆ. ಒಂದೊಂದು ಚಿತ್ರವೂ ಮೂವತ್ತು ಎಂಬಿಗೆ ಮೇಲೆ ತೂಗುತ್ತದೆ. ಈ ಅಂಕಣದ ವಿಷಯ ಸೂರ್ಯನಲ್ಲ, ಆ ಚಿತ್ರಗಳನ್ನು ಕಾಪಿಟ್ಟಿರುವ ಫೈಲಿನ ಬಗೆ. ಅದರ ಹೆಸರು ಫಿಟ್ಸ್. 1981ರಲ್ಲಿ ಖಗೋಳಶಾಸ್ತ್ರಜ್ಞರು ತಮ್ಮೊಳಗೆ ಚಿತ್ರಗಳನ್ನು ಕೊಟ್ಟು ತೆಗೆದುಕೊಳ್ಳಲೆಂದು ಪ್ರಕಟಿಸಿದ ವಿನ್ಯಾಸ ಅದು. ಯಾವುದೇ ಫಿಟ್ಸ್ ಫೈಲಿನ ತಲೆಯಲ್ಲಿ ಬರಿಗಣ್ಣಿಗೆ ಓದಲು ಸಿಗುವ ಸಾಲುಗಳಿರುತ್ತವೆ. ಪ್ರತಿ ಸಾಲು ಎಂಬತ್ತು ಅಕ್ಷರ, ರಂಧ್ರಕಾರ್ಡುಗಳ ಕಾಲದ ಅಳತೆ. ಮೊದಲ ಸಾಲಿನಲ್ಲಿ ‘ಸಿಂಪಲ್’ ಎಂಬ ಆರು ಇಂಗ್ಲಿಷ್ ಅಕ್ಷರ, ಎರಡು ಖಾಲಿ ಜಾಗ, ಒಂಬತ್ತನೇ ಸ್ಥಾನದಲ್ಲಿ ಸಮಚಿಹ್ನೆ, ಮೂವತ್ತನೇ ಸ್ಥಾನದಲ್ಲಿ ಒಂದು ‘ಟಿ’. ಈ ಫೈಲು ನಿಯಮಕ್ಕೆ ಬದ್ಧ, ಹೌದು ಎಂದು ಅದರರ್ಥ. ಮುಂದಿನ ಸಾಲುಗಳಲ್ಲಿ ಒಂದು ಚುಕ್ಕೆಗೆ ಎಷ್ಟು ಬಿಟ್, ಅಗಲ ಎಷ್ಟು, ಎತ್ತರ ಎಷ್ಟು, ಚಿತ್ರ ತೆಗೆದ ದಿನ ಯಾವುದು ಎಂಬ ವಿವರ. ಮೂವತ್ತಾರು ಸಾಲು, ಅಂದರೆ 2,880 ಬೈಟಿಗೆ ಒಂದು ಕಂತು.

ನೂರು ವರ್ಷ ಬಿಟ್ಟು ಯಾರಾದರೂ ಹೆಸರು ಹರಿದುಹೋದ ಇಂಥದೊಂದು ಫೈಲು ಎತ್ತಿಕೊಂಡರೂ ಮೊದಲ ಸಾಲು ಓದಿದರೆ ಸಾಕು, ಇದೇನೆಂದು ತಿಳಿಯುತ್ತದೆ. ಒಮ್ಮೆ ಫಿಟ್ಸ್ ಆದದ್ದು ಎಂದೆಂದಿಗೂ ಫಿಟ್ಸ್, ಹೊಸ ನಿಯಮ ಹಳೆಯ ಫೈಲನ್ನು ತಪ್ಪೆನ್ನಬಾರದು ಎಂಬುದು ಅದನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಮಿತಿಯ ಹಟ. ದಿನಾಂಕದ ವಿಷಯದಲ್ಲಿ ಮಾತ್ರ ಅವರೂ ಒಮ್ಮೆ ಬೆವರಿದರು. ಮೊದಲಿಗೆ ವರ್ಷಕ್ಕೆ ಎರಡೇ ಅಂಕಿ ಇಟ್ಟಿದ್ದರು. 2000ನೇ ಇಸವಿ ಹತ್ತಿರವಾದಾಗ, 1997ರಲ್ಲಿ, ನಾಲ್ಕಂಕಿಯ ವರ್ಷಕ್ಕೆ ಬದಲಾದರು. ಎರಡಂಕಿಯ ಹಳೆಯ ಫೈಲುಗಳನ್ನು ತಿದ್ದಲಿಲ್ಲ. ಅಲ್ಲಿ ‘07’ ಎಂದಿದ್ದರೆ 1907 ಎಂದೇ ಓದಬೇಕು ಎಂದು ಬರೆದಿಟ್ಟರು. ವ್ಯಾಟಿಕನ್ ಗ್ರಂಥಾಲಯ ತನ್ನ ಹಸ್ತಪ್ರತಿಗಳ ಚಿತ್ರಗಳಿಗೂ ಇದೇ ಫಿಟ್ಸ್ ಆರಿಸಿಕೊಂಡದ್ದು ಸುಮ್ಮನೆ ಅಲ್ಲ.

ಕಂಪ್ಯೂಟರಿಗೆ ಫೈಲಿನ ಬಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದರೆ ಹೆಚ್ಚಿನವರು ಹೆಸರಿನ ಬಾಲ ತೋರಿಸುತ್ತಾರೆ. ಚುಕ್ಕೆಯಾದ ಮೇಲೆ ಬರುವ ಪಿಡಿಎಫ್, ಜೆಪಿಜಿ, ಡಾಕ್. ಬಾಲ ಯಾರು ಬೇಕಾದರೂ ಬದಲಿಸಬಹುದಾದ ಚೀಟಿ. ತಮಿಳುನಾಡಿನದೇ ಬೋಡಿನಾಯಕ್ಕನೂರಿನ ಏಲಕ್ಕಿ ಹರಾಜಿನಲ್ಲಿ ಮೂಟೆಯ ಮೇಲಿನ ಬರಹ ನೋಡಿ ಯಾವ ವ್ಯಾಪಾರಿಯೂ ಬೆಲೆ ಕೂಗುವುದಿಲ್ಲ. ಹರಾಜು ಈಗ ಕಂಪ್ಯೂಟರಿನ ಮೇಲೆಯೇ ನಡೆದರೂ ಪ್ರತಿ ಲಾಟಿನ ಸ್ಯಾಂಪಲ್ ಮೊದಲು ಅವರ ಕೈಗೆ ಬರಬೇಕು. ಅಂಗೈ ಮೇಲೆ ಸುರಿದುಕೊಂಡು ಗಾತ್ರ, ಬಣ್ಣ ನೋಡಿ, ಒಂದನ್ನು ಒಡೆದು ಕಾಳು ನೋಡಿದ ಮೇಲೆ ಗುಂಡಿ ಒತ್ತುತ್ತಾರೆ. ಫೈಲಿನ ವಿಷಯದಲ್ಲೂ ಒಳಗಿನ ಬೈಟು ನೋಡುವ ತಂತ್ರಾಂಶಗಳಿವೆ. ಅವುಗಳಲ್ಲಿ ಹಿರಿಯದು ಯುನಿಕ್ಸ್ ಕುಟುಂಬದ ‘ಫೈಲ್’ ಎಂಬ ಆಜ್ಞೆ. 1973ರ ನಾಲ್ಕನೇ ಆವೃತ್ತಿಯ ಯುನಿಕ್ಸ್‌ನಲ್ಲೇ ಅದು ಇತ್ತು. ಈಗ ಲಿನಕ್ಸ್ ಇರುವಲ್ಲೆಲ್ಲ ಇರುವ ಮುಕ್ತ ಆವೃತ್ತಿಯನ್ನು ಕೆನಡಾದ ಇಯಾನ್ ಡಾರ್ವಿನ್ 1986-87ರಲ್ಲಿ ಬರೆದರು. ತೊಂಬತ್ತರ ದಶಕದಿಂದ ಅದನ್ನು ಪೋಷಿಸುತ್ತ ಬಂದವರು ಕ್ರಿಸ್ಟೋಸ್ ಝೂಲಾಸ್.

ಈ ಆಜ್ಞೆಗೆ ಸ್ವಂತ ಬುದ್ಧಿ ಕಡಿಮೆ. ಅದರ ತಿಳಿವಳಿಕೆಯೆಲ್ಲ ಪಕ್ಕದಲ್ಲಿಟ್ಟುಕೊಂಡ ಒಂದು ಪಟ್ಟಿಯಲ್ಲಿದೆ. ಪಟ್ಟಿಗೆ ‘ಮ್ಯಾಜಿಕ್’ ಎಂದೇ ಹೆಸರು. ಒಂದೊಂದು ಸಾಲಿನಲ್ಲಿ ನಾಲ್ಕು ಸಂಗತಿ: ಎಷ್ಟನೇ ಬೈಟಿನಿಂದ ನೋಡಬೇಕು, ಅಲ್ಲಿರುವುದು ಅಕ್ಷರವೋ ಸಂಖ್ಯೆಯೋ, ಏನಿದ್ದರೆ ಹೊಂದಿತು ಎನ್ನಬೇಕು, ಹೊಂದಿದರೆ ಏನು ಹೇಳಬೇಕು. ಸೊನ್ನೆಯನೇ ಬೈಟಿನಿಂದ ಶೇಕಡಾ ಚಿಹ್ನೆ, ಪಿ, ಡಿ, ಎಫ್, ಅಡ್ಡಗೆರೆ ಸಿಕ್ಕಿದರೆ ‘ಪಿಡಿಎಫ್ ದಾಖಲೆ’ ಎನ್ನು, ಅಷ್ಟೆ. ಇಂಥ ಸಾಲುಗಳನ್ನು ವಿಷಯವಾರು ವಿಂಗಡಿಸಿದ ನೂರಾರು ಕಡತಗಳು ಅದರಲ್ಲಿವೆ. ಅವನ್ನು ಒಬ್ಬರೇ ಬರೆದದ್ದಲ್ಲ. ಎಲ್ಲೋ ಒಬ್ಬ ಸಂಗೀತಗಾರ ತನ್ನ ಹಳೆಯ ಸಿಂಥಸೈಜರಿನ ಫೈಲಿನ ಗುರುತು ಕಳಿಸಿದ್ದಾನೆ, ಇನ್ನೆಲ್ಲೋ ಒಬ್ಬ ನಕ್ಷೆ ಬರೆಯುವವ ತನ್ನದನ್ನು. ಫೈಲಿನ ಒಳಹೊರಗು ಬಲ್ಲವರು ಒಂದೊಂದು ಸಾಲು ಹಾಕುತ್ತ ಹೋಗಿ ಲೋಕವೆಲ್ಲ ಬಳಸುವ ಪಟ್ಟಿಯಾಗಿದೆ.

ಒಳ್ಳೆಯ ಗುರುತು ಹೇಗಿರಬೇಕು ಎಂಬುದಕ್ಕೆ 1996ರಲ್ಲಿ ಬಂದ ಪಿಎನ್‌ಜಿ ಚಿತ್ರದ ಮೊದಲ ಎಂಟು ಬೈಟು ನೋಡಬೇಕು. ಅದನ್ನು ಕಟ್ಟಿದವರ ಜಾಣ್ಮೆ ಆ ಎಂಟರಲ್ಲೇ ಇದೆ. ಮೊದಲನೆಯದು 137. ಆ ಕಾಲದ ಕೆಲವು ತಂತಿಗಳು ಬೈಟಿನ ಎಂಟನೇ ಬಿಟ್ಟನ್ನು ನುಂಗಿಹಾಕುತ್ತಿದ್ದವು. ನುಂಗಿದರೆ 137 ಹೋಗಿ 9 ಆಗುತ್ತದೆ, ಫೈಲು ಕೆಟ್ಟಿದೆ ಎಂದು ಬಾಗಿಲಲ್ಲೇ ಗೊತ್ತಾಗುತ್ತದೆ. ನಂತರ ಪಿ, ಎನ್, ಜಿ, ಮನುಷ್ಯರು ಓದಲೆಂದು. ಆಮೇಲೆ 13, 10. ವಿಂಡೋಸ್‌ನಲ್ಲಿ ಸಾಲು ಮುಗಿಯಿತು ಎಂದು ಹೇಳುವ ಜೋಡಿ ಇದು, ಯುನಿಕ್ಸ್‌ನಲ್ಲಿ ಬರೀ 10. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ತಂತ್ರಾಂಶ ಇದನ್ನು ಪಠ್ಯವೆಂದು ತಿಳಿದು ಸಾಲಿನ ಕೊನೆಗಳನ್ನು ತಿದ್ದಿದ್ದರೆ ಈ ಜೋಡಿ ಒಡೆದಿರುತ್ತದೆ. ಆಮೇಲಿನ 26, ಹಳೆಯ ಡಾಸ್‌ನಲ್ಲಿ ಯಾರಾದರೂ ಈ ಫೈಲನ್ನು ಪರದೆಯ ಮೇಲೆ ಸುರಿಸಲು ಹೋದರೆ ಅಲ್ಲಿಗೇ ನಿಲ್ಲಿಸುವ ಅಂಕಿ. ಕೊನೆಗೊಂದು 10, ತಿರುಗಿ ಅದೇ ಸಾಲುಕೊನೆಯ ಪರೀಕ್ಷೆ. ಎಂಟು ಬೈಟಿನಲ್ಲಿ ಹೆಸರೂ ಇದೆ, ದಾರಿಯಲ್ಲಿ ಏನೇನು ಕೆಡಬಹುದು ಎಂಬುದರ ತಪಾಸಣೆಯೂ ಇದೆ.

ಎಲ್ಲರೂ ಇಷ್ಟು ಯೋಚಿಸಿ ಗುರುತು ಇಟ್ಟವರಲ್ಲ. ಜಿಪ್ ಫೈಲಿನ ಮೊದಲೆರಡು ಅಕ್ಷರ ಅದನ್ನು ಮಾಡಿದ ಫಿಲ್ ಕಾಟ್ಜ್ ಅವರ ಇನಿಷಿಯಲ್ಲು, ಡಾಸ್ ಕಾಲದ ಪ್ರೋಗ್ರಾಮುಗಳದ್ದು ಮಾರ್ಕ್ ಝಿಬಿಕೋವ್‌ಸ್ಕಿ ಅವರದ್ದು. ಕಣಭೌತವಿಜ್ಞಾನಿಗಳು ಬಳಸುವ ‘ರೂಟ್’ ಫೈಲು ತನ್ನ ಹೆಸರಿನ ನಾಲ್ಕು ಅಕ್ಷರಗಳಿಂದಲೇ ಶುರುವಾಗುತ್ತದೆ. 2015ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದ ನ್ಯೂಟ್ರಿನೊ ವೀಕ್ಷಣಾಲಯ ತೇನಿ ಜಿಲ್ಲೆಯ ಪೊಟ್ಟಿಪುರಂ ಬೆಟ್ಟದೊಳಗೆ ಎದ್ದಿದ್ದರೆ ಅಲ್ಲಿ ಇಂಥ ಫೈಲುಗಳ ಬೆಟ್ಟವೂ ಬೆಳೆಯುತ್ತಿತ್ತು. ಜನರ ವಿರೋಧ, ಕೋರ್ಟು ಕಚೇರಿಗಳ ನಡುವೆ ಆ ಯೋಜನೆ ಸಿಕ್ಕಿಕೊಂಡ ಕಥೆ ಬೇರೆ.

ಪಟ್ಟಿಯಲ್ಲಿ ಒಂದು ಸಾಲು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2009ರ ಹೊತ್ತಿಗೆ ಉಬುಂಟು ಎಂಬ ಲಿನಕ್ಸ್‌ನ ಬಳಕೆದಾರರ ನಡುವೆ ಹರಡಿದ ಒಂದು ದೂರು ಸಾಕ್ಷಿ. ಒಬ್ಬಾತನ ಹೆಂಡತಿ ಹೇಳಿದ್ದು: ನಮ್ಮ ಪ್ರಿಂಟರು ಮಂಗಳವಾರ ಮುದ್ರಿಸುವುದಿಲ್ಲ. ಗಂಡ ನಕ್ಕ. ಆಮೇಲೆ ಗಮನಿಸಿದರೆ ಮಾತು ನಿಜ. ಓಪನ್‌ಆಫೀಸಿನಿಂದ ಸೋಮವಾರ ಕಳಿಸಿದ್ದು ಮುದ್ರಣವಾಗುತ್ತದೆ, ಬುಧವಾರ ಆಗುತ್ತದೆ, ಮಂಗಳವಾರ ಮಾತ್ರ ಪ್ರಿಂಟರು ಮೌನ. ನಮ್ಮಲ್ಲಾಗಿದ್ದರೆ ಮಂಗಳವಾರ ಒಳ್ಳೆಯ ಕೆಲಸಕ್ಕೆ ಆಗಿಬರದು ಎಂದು ಅಜ್ಜಿಯಂದಿರು ಅಲ್ಲಿಗೇ ಮುಗಿಸಿಬಿಡುತ್ತಿದ್ದರು. ಆ ಕಡೆಯ ಜನ ಪಟ್ಟು ಹಿಡಿದು ಹುಡುಕಿದರು.

ಸಿಕ್ಕಿದ್ದು ಹೀಗೆ. ಮುದ್ರಣಕ್ಕೆ ಹೋಗುವ ಪೋಸ್ಟ್‌ಸ್ಕ್ರಿಪ್ಟ್ ಫೈಲಿನ ತಲೆಯಲ್ಲಿ ಅದು ತಯಾರಾದ ವಾರ, ದಿನಾಂಕ ಇರುತ್ತದೆ. ಮಂಗಳವಾರವಾದರೆ ಇಂಗ್ಲಿಷಿನಲ್ಲಿ ಟಿ, ಯು, ಇ ಎಂಬ ಮೂರಕ್ಷರ. ಪ್ರಿಂಟರಿನ ತಂತ್ರಾಂಶ ತನಗೆ ಬಂದದ್ದು ಏನೆಂದು ತಿಳಿಯಲು ‘ಫೈಲ್’ ಆಜ್ಞೆಯನ್ನು ಕೇಳುತ್ತದೆ. ಆ ಆಜ್ಞೆಯ ಪಟ್ಟಿಯಲ್ಲಿ ಎರ್ಲಾಂಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದು ಹಳೆಯ ಫೈಲಿನ ಗುರುತಾಗಿ 1991ರ ಜನವರಿ 22, ಮಂಗಳವಾರದ ಇಂತಿಷ್ಟು ಗಂಟೆ ನಿಮಿಷ ಸೆಕೆಂಡು ಎಂಬ ಉದ್ದನೆಯ ಸಾಲಿತ್ತು. ಅಷ್ಟುದ್ದ ಹೊಂದಬೇಕಾದ್ದರಿಂದ ಬೇರೆ ಯಾವ ಫೈಲಿಗೂ ಅದು ತಗಲುವ ಸಂಭವವೇ ಇರಲಿಲ್ಲ. ಆದರೆ ಪಟ್ಟಿಯ ವ್ಯಾಕರಣದಲ್ಲಿ ಖಾಲಿ ಜಾಗ ಬಂತೆಂದರೆ ಗುರುತು ಮುಗಿಯಿತು ಎಂದರ್ಥ. ಖಾಲಿ ಜಾಗವೂ ಗುರುತಿನ ಭಾಗ ಎನ್ನಬೇಕಾದರೆ ಅದರ ಹಿಂದೆ ಒಂದು ಓರೆಗೆರೆ ಹಾಕಬೇಕು. ಬರೆದವರು ಹಾಕಿರಲಿಲ್ಲ. ಹಾಗಾಗಿ ಗುರುತು ‘ಮಂಗಳ’ಕ್ಕೇ ಕಡಿದುಹೋಯಿತು. ಮಂಗಳವಾರದ ಪತ್ರಗಳೆಲ್ಲ ಎರ್ಲಾಂಗ್ ಫೈಲುಗಳಾದವು, ಪ್ರಿಂಟರು ಕೈಚೆಲ್ಲಿತು. ತಿದ್ದುಪಡಿ ಎಂದರೆ ಕೆಲವು ಓರೆಗೆರೆ.

ಹಂಚಿಕೊಂಡ ಪಟ್ಟಿಯ ಸುಖವೂ ಕಷ್ಟವೂ ಇಲ್ಲಿ ಒಟ್ಟಿಗೇ ಕಾಣುತ್ತದೆ. ಎರ್ಲಾಂಗ್ ಎಂದರೇನೆಂದು ತಿಳಿಯದ ಮನೆಯಲ್ಲಿ ಅದರ ತಪ್ಪಿಗೆ ದಂಡ ಬಿತ್ತು. ಅದೇ ಕಾರಣಕ್ಕೆ ಒಂದು ಕಡೆ ತಿದ್ದಿದ್ದು ಎಲ್ಲ ಕಡೆಯೂ ಸರಿಹೋಯಿತು.

ಇಂಥ ಪಟ್ಟಿಗಳು ಈಗ ಹಲವಿವೆ. ಲಿನಕ್ಸ್ ಡೆಸ್ಕ್‌ಟಾಪ್‌ಗಳು ತಮ್ಮೊಳಗೆ ಹಂಚಿಕೊಂಡದ್ದು ಒಂದು. ಅದರಲ್ಲಿ ಹೆಸರಿನ ಬಾಲ, ಒಳಗಿನ ಗುರುತು ಎರಡೂ ಇರುತ್ತವೆ, ಜಗಳ ಬಂದಾಗ ಯಾವುದು ಮೇಲು ಎಂದು ಹೇಳಲು ಪ್ರತಿ ಗುರುತಿಗೆ ಸೊನ್ನೆಯಿಂದ ನೂರರವರೆಗೆ ಅಂಕ ಕೊಡುತ್ತಾರೆ. ಜಗಳ ನಿತ್ಯದ್ದು. ‘ಟಿಎಸ್’ ಎಂಬ ಬಾಲವನ್ನೇ ನೋಡಿ: ಟಿವಿ ಪ್ರಸಾರದ ವಿಡಿಯೊಗೂ ಅದೇ, ಟೈಪ್‌ಸ್ಕ್ರಿಪ್ಟ್ ಪ್ರೋಗ್ರಾಮಿಗೂ ಅದೇ, ತಂತ್ರಾಂಶದ ಅನುವಾದ ಇಟ್ಟುಕೊಳ್ಳುವ ಒಂದು ಬಗೆಯ ಫೈಲಿಗೂ ಅದೇ. ಇನ್ನು ವರ್ಡ್‌ನ ಹೊಸ ಡಾಕ್ಸ್, ಇ-ಪುಸ್ತಕದ ಇಪಬ್, ಮೊಬೈಲ್ ಆ್ಯಪಿನ ಎಪಿಕೆ, ಇವೆಲ್ಲ ಹೊರಗಿನಿಂದ ನೋಡಿದರೆ ಜಿಪ್ಪೇ. ಮೇಲಿನ ಎರಡಕ್ಷರ ನೋಡಿ ಜಿಪ್ ಎಂದುಬಿಟ್ಟರೆ ಸುಳ್ಳಲ್ಲ, ಉಪಯೋಗವೂ ಇಲ್ಲ.

ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದವರು 2002ರಿಂದ ನಡೆಸುತ್ತಿರುವ ‘ಪ್ರೊನಾಮ್’ ಇನ್ನೊಂದು ಬಗೆಯದು. ಅದನ್ನು ಬಳಸಿ ಫೈಲು ಗುರುತಿಸುವ ‘ಡ್ರಾಯ್ಡ್’ ಎಂಬ ತಂತ್ರಾಂಶವನ್ನೂ ಅವರೇ ಬಿಟ್ಟಿದ್ದಾರೆ. ಸರ್ಕಾರದ ಕಡತಗಳನ್ನು ಕಾಯುವವರಾದ್ದರಿಂದ ಅವರಿಗೆ ‘ಪಿಡಿಎಫ್’ ಎಂದಷ್ಟೇ ತಿಳಿದರೆ ಸಾಲದು, ಯಾವ ಆವೃತ್ತಿ ಎಂದೂ ಬೇಕು. ಪಿಡಿಎಫ್ 1.4ಕ್ಕೆ ಅವರಲ್ಲಿ ಬೇರೆಯೇ ಒಂದು ಸಂಖ್ಯೆ ಇದೆ, 18. ಒಮ್ಮೆ ಕೊಟ್ಟ ಸಂಖ್ಯೆ ಬದಲಾಗುವುದಿಲ್ಲ. ಯಾರು ಬೇಕಾದರೂ ಹೊಸ ಗುರುತು ಕಳಿಸಬಹುದು, ಜೊತೆಗೆ ಮಾದರಿ ಫೈಲುಗಳನ್ನೂ ಕೊಟ್ಟರೆ ಅವರ ಕೆಲಸ ಹಗುರ. ನೋಡಿದವರಿಗೆ ಗೊತ್ತು, ಈ ಉದ್ಯೋಗದ ಬಹುಪಾಲು ಬೇಸರದ ದುಡಿಮೆ. ಒಂದು ಹೊಸ ಸಾಲು ಸೇರಿಸಿದ ಮೇಲೆ ಹಳೆಯ ಸಾವಿರಾರು ಮಾದರಿಗಳ ಮೇಲೆ ಮತ್ತೆ ಓಡಿಸಿ ನೋಡಬೇಕು. ಹೊಸತು ತನ್ನ ಫೈಲನ್ನು ಹಿಡಿದರೆ ಆಯಿತೇ? ಪಕ್ಕದವರ ಫೈಲನ್ನು ಹಿಡಿಯದೇ ಇರಬೇಕು. ಗುರುತು ತೀರಾ ಚಿಕ್ಕದಾದರೆ ಕಂಡದ್ದನ್ನೆಲ್ಲ ತನ್ನದೆನ್ನುತ್ತದೆ, ತೀರಾ ಉದ್ದವಾದರೆ ತನ್ನ ಕುಲದ್ದನ್ನೇ ಒಲ್ಲೆ ಎನ್ನುತ್ತದೆ. 2024ರಲ್ಲಿ ಗೂಗಲ್ ಮುಕ್ತವಾಗಿ ಬಿಟ್ಟ ‘ಮ್ಯಾಜಿಕಾ’ ಇಂಥ ಸಾಲುಗಳನ್ನು ಬಿಟ್ಟು, ರಾಶಿ ರಾಶಿ ಮಾದರಿ ನೋಡಿ ತಾನೇ ಕಲಿತ ತಂತ್ರಾಂಶ. ಅದು ಚುರುಕು, ಒಪ್ಪೋಣ. ಆದರೆ ಮಾದರಿ ಕೊಡದ ಬಗೆಯನ್ನು ಅದೂ ಕಲಿಯಲಾರದು.

ಇಷ್ಟೆಲ್ಲ ಹೇಳಿದ್ದು ನಮ್ಮ ಮನೆಯ ವಿಷಯಕ್ಕೆ ಬರಲೆಂದು. 1990ರ ದಶಕದ ನಡುವಿನಿಂದ ಸುಮಾರು 2010ರವರೆಗೆ ಕನ್ನಡದಲ್ಲಿ ಟೈಪಾದ ಪುಸ್ತಕ, ಪತ್ರಿಕೆ, ಸರ್ಕಾರಿ ಸುತ್ತೋಲೆ, ಪಿಎಚ್‌ಡಿ ಪ್ರಬಂಧಗಳಲ್ಲಿ ಬಹುಪಾಲು, ಎಲ್ಲ ಭಾಷೆಗಳಿಗೂ ಒಂದೇ ಸಂಕೇತವಾದ ಯುನಿಕೋಡ್‌ನಲ್ಲಿ ಇಲ್ಲ. ಶ್ರೀಲಿಪಿ, ಆಕೃತಿ, 1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮೊದಲಾದವುಗಳಲ್ಲಿದೆ. ಇವು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟುಗಳು. ಫಾಂಟು ಇದ್ದರೆ ಕನ್ನಡ, ತೆಗೆದರೆ ಗೋಜಲು. ನುಡಿಯಲ್ಲಿ ‘ಕನ್ನಡ’ ಎಂದು ಟೈಪಿಸಿದ್ದನ್ನು ಫಾಂಟಿಲ್ಲದ ಯಂತ್ರದಲ್ಲಿ ತೆರೆಯಿರಿ. ಕಾಣುವುದು ಏಳು ಚಿಹ್ನೆ: ಒಂದು ಪಿ, ತಲೆಯ ಮೇಲೆ ಓರೆಗೀಟು ಹೊತ್ತ ಒಂದು ಎ, ಬ್ರಿಟಿಷರ ಪೌಂಡಿನ ಚಿಹ್ನೆ, ಮತ್ತೆ ಅದೇ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಮತ್ತೊಮ್ಮೆ ಗೀಟಿನ ಎ. ಹಳೆಯ ಪೆನ್‌ಡ್ರೈವ್ ತೆರೆದ ಯಾವ ಕನ್ನಡ ಮೇಷ್ಟರಿಗೂ ಈ ಮೆರವಣಿಗೆ ಹೊಸದಲ್ಲ.

ಇಂಥದ್ದನ್ನು ‘ಫೈಲ್’ ಆಜ್ಞೆಗೆ ಕೊಟ್ಟರೆ ಸಾಮಾನ್ಯವಾಗಿ ‘ಐಎಸ್ಒ-8859 ಪಠ್ಯ’ ಎನ್ನುತ್ತದೆ. ಯುರೋಪಿನ ಯಾವುದೋ ಭಾಷೆ ಇದ್ದೀತು ಎಂಬ ಊಹೆ ಅದು. ಅದನ್ನು ದೂರಿ ಫಲವಿಲ್ಲ. ಕೊಡೈಕೆನಾಲಿನ ಚಿತ್ರ ತನ್ನ ತಲೆಯಲ್ಲಿ ತಾನು ಯಾರೆಂದು ಬರೆದುಕೊಂಡಿದೆ, ನುಡಿಯ ಬರೀ ಪಠ್ಯದ ತಲೆಯಲ್ಲಿ ಏನೂ ಇಲ್ಲ. ವರ್ಡ್‌ನ ದಾಖಲೆಯಾಗಿದ್ದರೆ ಒಳಗೆಲ್ಲೋ ‘ನುಡಿ 01 ಇ’ ಎಂದೋ ‘ಬಿಆರ್‌ಎಚ್ ಕನ್ನಡ’ ಎಂದೋ ಫಾಂಟಿನ ಹೆಸರು ಉಳಿದಿರುತ್ತದೆ, ಅದೊಂದೇ ಸುಳಿವು. ಅದನ್ನು ಯಾರಾದರೂ ಟಿಎಕ್ಸ್‌ಟಿಯಾಗಿ ಉಳಿಸಿದರೆ ಆ ಸುಳಿವೂ ಹೋಯಿತು. ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಹೊರತಂದ ಇಸ್ಕಿ ಸಂಕೇತದಲ್ಲಿ ಇದಕ್ಕೆ ಉತ್ತರವಿತ್ತು. ಮುಂದೆ ಬರುವುದು ಕನ್ನಡ, ಮುಂದೆ ಬರುವುದು ತಮಿಳು ಎಂದು ಸಾರುವ ಎರಡೆರಡು ಬೈಟಿನ ಗುರುತನ್ನು ಅದು ಇಟ್ಟುಕೊಂಡಿತ್ತು. ಡಿಟಿಪಿ ಲೋಕ ಆ ದಾರಿ ಹಿಡಿಯಲಿಲ್ಲ. ಅವರಿಗೆ ಬೇಕಾದದ್ದು ಪೇಜ್‌ಮೇಕರಿನಲ್ಲಿ ಅಂದವಾಗಿ ಕೂರುವ ಅಕ್ಷರ, ನಾಳೆ ಬೆಳಿಗ್ಗೆಗೆ ಪ್ಲೇಟು.

ತಲೆಯಲ್ಲಿ ಗುರುತಿಲ್ಲದಿದ್ದರೂ ಮೈಯಲ್ಲಿ ಇದೆ ಎಂಬುದು ಸ್ವಲ್ಪ ಸಮಾಧಾನ. ಆ ಗೀಟಿನ ಎ, ಬೈಟಿನ ಲೆಕ್ಕದಲ್ಲಿ 192, ನುಡಿಯಲ್ಲಿ ತಲೆಕಟ್ಟು. ಕನ್ನಡದಲ್ಲಿ ತಲೆಕಟ್ಟಿಲ್ಲದೆ ಒಂದು ಸಾಲು ದಾಟುವುದು ಕಷ್ಟ, ಆದ್ದರಿಂದ ನುಡಿ ಪಠ್ಯದ ತುಂಬ 192 ಚೆಲ್ಲಿರುತ್ತದೆ. ಯುನಿಕೋಡನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಾದರೆ 192 ಎಂಬ ಬೈಟು ಬರಲೇಬಾರದು, ಅದು ನಿಯಮಬಾಹಿರ. ಅಲ್ಲಿ ಕನ್ನಡದ ಪ್ರತಿ ಅಕ್ಷರವೂ ಮೂರು ಬೈಟು: ಮೊದಲನೆಯದು 224, ಎರಡನೆಯದು 178 ಇಲ್ಲವೇ 179. ಫ್ರೆಂಚಿನಲ್ಲಿ ಗೀಟಿನ ದೊಡ್ಡ ಎ ಉಂಟು, ಆದರೆ ಪದಪದಕ್ಕೂ ಬರುವುದಿಲ್ಲ. ಹಾಗಾಗಿ ಒಂದು ಪಠ್ಯದಲ್ಲಿ 192 ವಿಪರೀತವಾಗಿದ್ದು, ಅದರ ಹಿಂದೆ ಪಿ, ಕ್ಯೂ, ಪೌಂಡ್ ಚಿಹ್ನೆಗಳು ಮತ್ತೆ ಮತ್ತೆ ಬಂದರೆ ನುಡಿ ಅಥವಾ ಬರಹ ಎಂದು ಧೈರ್ಯವಾಗಿ ಹೇಳಬಹುದು. ಆ ಎರಡರ ಸಂಕೇತ ಬಹುಮಟ್ಟಿಗೆ ಒಂದೇ. ಶ್ರೀಲಿಪಿಗೆ, ಆಕೃತಿಗೆ ಬೇರೆ ಲೆಕ್ಕ. ಅವಕ್ಕೂ ಹೀಗೆ ಎಣಿಸಿ ಬರೆದಿಡಬೇಕು.

ಗುರುತು ಹಿಡಿದ ಮೇಲೂ ಕೆಲಸ ಮುಗಿಯುವುದಿಲ್ಲ. ‘ಸೂರ್ಯ’ ಎಂಬ ಪದವನ್ನೇ ತೆಗೆದುಕೊಳ್ಳಿ. ಯುನಿಕೋಡ್‌ನಲ್ಲಿ ಅದು ನಾವು ಉಚ್ಚರಿಸುವ ಕ್ರಮದಲ್ಲಿ ಐದು ಘಟಕ: ಸ, ಊಕಾರ, ರ, ವಿರಾಮ, ಯ. ನುಡಿಯಲ್ಲಿ ಕಣ್ಣಿಗೆ ಕಾಣುವ ಕ್ರಮ. ‘ಯ’ ಒಂದನ್ನು ಕಟ್ಟಲಿಕ್ಕೇ ನಾಲ್ಕು ಚೂರು ಬೇಕು, ಅದಾದ ಮೇಲೆ ಅರ್ಕಾವತ್ತು. ಯಕಾರದ ಆಚೆ ಕೂತ ಅರ್ಕಾವತ್ತನ್ನು ಪರಿವರ್ತಕ ತಂತ್ರಾಂಶ ಎತ್ತಿ ಈಚೆಗೆ ತಂದು ರಕಾರ ಮಾಡಬೇಕು. ಅದು ತಪ್ಪಿದ ಪಠ್ಯಗಳಲ್ಲಿ ಸೂರ್ಯ ‘ಸೂಯರ್’ ಆಗಿ ಉದಯಿಸಿರುವುದನ್ನು ಓದುಗರು ಎಷ್ಟೋ ಕಡೆ ನೋಡಿದ್ದೀರಿ. ಈ ಬದಲಾವಣೆಯ ಕೋಷ್ಟಕಗಳನ್ನು ‘ಸಂಚಯ’ದಂಥ ಸ್ವಯಂಸೇವಕ ಬಳಗಗಳು ಮುಕ್ತವಾಗಿ ಹಂಚಿವೆ. ತಪ್ಪು ಕಂಡವರು ತಿದ್ದಿ ಸೇರಿಸಬಹುದಾದ ಕೋಷ್ಟಕಗಳು ಅವು. ಸಾರ್ವಜನಿಕ ದುಡ್ಡಿನಲ್ಲಿ ಪುಸ್ತಕ ಮಾಡಿಸಿದ ಸಂಸ್ಥೆಗಳು ಮೊದಲು ಮಾಡಬೇಕಿದ್ದ ಕೆಲಸ ಇದು ಎಂಬುದು ನನ್ನ ತಕರಾರು. ಟೈಪಿಸಿದ ಫೈಲು ಕೈಲಿದ್ದೂ ಅಚ್ಚಾದ ಪುಸ್ತಕವನ್ನು ಮತ್ತೆ ಸ್ಕ್ಯಾನ್ ಮಾಡಿಸುವ ಟೆಂಡರು ಕರೆಯುವುದಕ್ಕೆ ನಾವು ಹಿಂದುಮುಂದು ನೋಡುವುದಿಲ್ಲ.

ತಮಿಳರ ಕಷ್ಟವೂ ಇದೇ ಇತ್ತು, ಅವರು ನಡೆದ ದಾರಿ ಸ್ವಲ್ಪ ಬೇರೆ. ಬಾಮಿನಿ, ವಾನವಿಲ್ ಮುಂತಾದ ಫಾಂಟುಗಳ ಗೊಂದಲದ ನಡುವೆಯೇ ಬೇರೆ ಬೇರೆ ದೇಶಗಳಲ್ಲಿದ್ದ ತಮಿಳರು ಸೇರಿ ಟಿಸ್ಕಿ ಎಂಬ ಸಂಕೇತ ಕಟ್ಟಿದರು. 1998ರಲ್ಲಿ ಶುರುವಾದ ‘ಮದುರೈ ಯೋಜನೆ’ ಹಳೆಯ ತಮಿಳು ಕೃತಿಗಳನ್ನು ಮೊದಲಿಗೆ ಅದರಲ್ಲೇ ಹಾಕಿತು. 1999ರ ಫೆಬ್ರುವರಿಯಲ್ಲಿ ಚೆನ್ನೈನ ಸಮ್ಮೇಳನದ ನಂತರ ಟ್ಯಾಬ್, ಟ್ಯಾಮ್ ಎಂಬ ಇನ್ನೆರಡು ಬಂದವು. 2010ರಲ್ಲಿ ತಮಿಳುನಾಡು ಸರ್ಕಾರ ಯುನಿಕೋಡ್‌ಗೆ ಒಪ್ಪಿ, ಪಕ್ಕದಲ್ಲೇ ಟೇಸ್-16 ಎಂಬುದನ್ನೂ ಇಟ್ಟುಕೊಂಡಿತು. ಒಂದು ಭಾಷೆಗೆ ಇಷ್ಟೊಂದು ಸಂಕೇತ ಏಕೆ ಎಂದು ನಗಬಹುದು. ಆದರೆ ಟಿಸ್ಕಿಯನ್ನು ಅವರು ಜಾಗತಿಕ ಅಂತರ್ಜಾಲದ ಸಂಕೇತಗಳ ಅಧಿಕೃತ ಪಟ್ಟಿಯಲ್ಲಿ ನೋಂದಾಯಿಸಿದರು. ಬಳಕೆಯಿಂದ ಬಿದ್ದುಹೋದ ಮೇಲೂ ಅದೇನೆಂದು ತಿಳಿಯಬೇಕಾದವರಿಗೆ ಒಂದು ವಿಳಾಸವಿದೆ.

ಅದೇ ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಮನೆಯೊಳಗೆ ಕನ್ನಡ ಆಡುವ ಒಕ್ಕಲಿಗರಿದ್ದಾರೆ. ಯಾವುದೋ ಶತಮಾನದಲ್ಲಿ ಉತ್ತರದಿಂದ ದನ ಹೊಡೆದುಕೊಂಡು ಬಂದವರ ವಂಶ ತಮ್ಮದು ಎನ್ನುತ್ತಾರೆ. ಕಂಬಂ ಊರಿನ ದೇವರ ದೊಡ್ಡಿಯ ದನಗಳನ್ನು ಇಂದಿಗೂ ಸಾಕುತ್ತಾರೆ. ಅವರ ಕನ್ನಡ ಬಾಯಲ್ಲಿದೆ, ಬರಹವೆಲ್ಲ ತಮಿಳಿನಲ್ಲಿ. ಅಂಥ ಕಡೆ ಮುದುಕಿಯೊಬ್ಬಳ ಹಾಡನ್ನು ಯಾರಾದರೂ ಇಪ್ಪತ್ತು ವರ್ಷದ ಹಿಂದೆ ಗುಂಡಿಯ ಮೊಬೈಲಿನಲ್ಲಿ ತುಂಬಿಕೊಂಡಿದ್ದರೆ ಅದು ಬಹುಶಃ ಎಎಂಆರ್ ಬಗೆಯ ಫೈಲು. ಇಂದಿನ ಫೋನು ಅದನ್ನು ತೆರೆಯದೆ ‘ಈ ಫೈಲು ಹಾಳಾಗಿದೆ’ ಎನ್ನಬಹುದು. ಹಾಳಾಗಿಲ್ಲ. ಮೊದಲ ಐದು ಅಕ್ಷರ ಹ್ಯಾಶ್ ಚಿಹ್ನೆ, ಆಶ್ಚರ್ಯ ಚಿಹ್ನೆ, ಎ, ಎಂ, ಆರ್ ಇದ್ದರೆ ಧ್ವನಿ ಒಳಗೇ ಇದೆ, ಹೊರಡಿಸುವ ತಂತ್ರಾಂಶವೂ ಪುಕ್ಕಟೆ ಸಿಗುತ್ತದೆ. ಆ ಹಾಡಿಗಿರುವ ಈ ಭಾಗ್ಯ, ಅದೇ ವರ್ಷ ಬೆಂಗಳೂರಿನಲ್ಲಿ ನುಡಿಯಲ್ಲಿ ಟೈಪಿಸಿ ಟಿಎಕ್ಸ್‌ಟಿಯಾಗಿ ಉಳಿಸಿದ ಜನಪದ ಗೀತೆಗಿಲ್ಲ. ಧ್ವನಿಯ ಗುರುತನ್ನು ಯಾರೋ ಎಂದೋ ಪಟ್ಟಿಗೆ ಹಾಕಿದ್ದಾರೆ.

ನಮ್ಮದನ್ನು ಹಾಕಲು ಯಾರ ಅಪ್ಪಣೆಯೂ ಬೇಡ. ವಿಕಿಡೇಟಾದಲ್ಲಿ ಫೈಲಿನ ಬಗೆಗಳಿಗೆ ಪ್ರತ್ಯೇಕ ಪುಟಗಳಿವೆ, ಅವುಗಳಲ್ಲಿ ಪ್ರೊನಾಮಿನ ಸಂಖ್ಯೆ ಬರೆಯುವ ಜಾಗವೂ ಇದೆ. ಕನ್ನಡ ವಿಕಿಪೀಡಿಯದಲ್ಲಿ ಕೈ ಪಳಗಿದವರಿಗೆ ಇದು ಗೊತ್ತಿರುವ ಹಾದಿ. ಯಾವ ಫಾಂಟು, ಯಾವ ಆವೃತ್ತಿ, ಯಾವ ಬೈಟಿಗೆ ಯಾವ ಚೂರು ಎಂಬ ಕೋಷ್ಟಕ ಮೊದಲು ಬೇಕು. ಅದಕ್ಕಿಂತ ಹೆಚ್ಚಾಗಿ ಬೇಕಾದದ್ದು ಮಾದರಿ: ಒಳಗೇನಿದೆ ಎಂದು ಖಚಿತವಾಗಿ ಗೊತ್ತಿರುವ ಹಳೆಯ ಫೈಲು, ಅದರ ಅಚ್ಚಾದ ಪುಟದ ಚಿತ್ರದ ಸಮೇತ. ಬಾಲಕ್ಕೆ ‘ಬಿಆರ್‌ಎಚ್’ ಎಂದಿರುವ ಬರಹದ ಫೈಲುಗಳು, ಫ್ಲಾಪಿಯಲ್ಲಿ ಉಳಿದ ಪೇಜ್‌ಮೇಕರ್ ಪುಟಗಳು ಅವೆನ್ಯೂ ರಸ್ತೆಯ, ಗಾಂಧಿನಗರದ, ಧಾರವಾಡದ ಪ್ರಕಾಶಕರ ಕಪಾಟುಗಳಲ್ಲಿ ಇನ್ನೂ ಸಿಗುತ್ತವೆ. ಅವನ್ನು ಟೈಪಿಸಿದವರು, ಯಾವ ಫಾಂಟಿನಲ್ಲಿ ಯಾವ ಒತ್ತಕ್ಷರ ಕೈಕೊಡುತ್ತಿತ್ತು ಎಂದು ನಿದ್ದೆಯಲ್ಲೂ ಹೇಳಬಲ್ಲವರು, ಈಗ ಐವತ್ತು ಅರವತ್ತರ ಆಸುಪಾಸಿನಲ್ಲಿದ್ದಾರೆ. ಅವರನ್ನು ಕೂರಿಸಿಕೊಂಡು ಕೇಳಿ ಬರೆದುಕೊಂಡರೆ ಕೋಷ್ಟಕದ ಅರ್ಧ ಕೆಲಸ ಮುಗಿಯಿತು.

ಮಾದರಿ ಕಳಿಸುವವರಿಗೆ ಒಂದೇ ವಿನಂತಿ. ಫೈಲನ್ನು ಇದ್ದ ಹಾಗೇ ನಕಲು ಮಾಡಿ ಕಳಿಸಿ. ಉಪಕಾರ ಮಾಡುವ ಉತ್ಸಾಹದಲ್ಲಿ ಹೊಸ ವರ್ಡ್‌ನಲ್ಲಿ ತೆರೆದು, ಫಾಂಟು ಸರಿಮಾಡಿ, ಯುನಿಕೋಡ್‌ಗೆ ತಿರುಗಿಸಿ ‘ಸೇವ್’ ಒತ್ತಬೇಡಿ.